ಮಾಸಲು ಹುಂಜ

ಮೊನ್ನೆ ಪೆರುಂಗುಡಿಯ ನಮ್ಮ ಮನೆಯ ಕೆಳಗಿನ ಅಂಗಡಿಯಲ್ಲಿ ತವುಡಿನ ಮೂಟೆ ಬಿಚ್ಚಿದರು. ನಾನು ಹೋಗಿದ್ದು ಉದ್ದಿನಬೇಳೆಗೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಯಾಕೆ ಬಂದೆ ಎಂಬುದೇ ಮರೆತು ನಿಂತುಬಿಟ್ಟೆ. ಹುಳಿ ಮಜ್ಜಿಗೆಯಲ್ಲಿ ತವುಡು ಕಲಸುತ್ತಿದ್ದ ಮಾಮಿಯ ಕೈ ಕಣ್ಣಿಗೆ ಕಟ್ಟಿತು…

ಮದುವೆಯಾಗಿ ಕುಂದಾಪುರದ ಕಡೆಯಿಂದ ಮದ್ರಾಸಿನ ಪುರಸೈವಾಕ್ಕಂಗೆ ಬಂದವಳು ನಾನು. ಗಂಡ ಅಲ್ಲೇ ಒಂದು ಸಸ್ಯಾಹಾರಿ ಹೋಟೆಲಿನ ಕ್ಯಾಶಿಯರ್, ನಸುಕಿನಲ್ಲೇ ಹೊರಟುಬಿಡುತ್ತಿದ್ದರು. ನನಗೆ ತಮಿಳು ಬಾರದು, ಬೀದಿ ಗೊತ್ತಿಲ್ಲ. ಇದ್ದ ಒಂದೇ ಕಿಟಕಿ ತೆರೆದರೆ ಜವಳಿ ಅಂಗಡಿಯ ಗೋಡೆ. ನನ್ನೊಡನೆ ಕೂತು ಕನ್ನಡ ಆಡುವ ಇನ್ನೊಂದು ಜೀವವೆಂದರೆ ಮೇಲಿನ ಮನೆಯ ಮಾಮಿ. ತಲೆಮಾರುಗಳಿಂದ ಮದ್ರಾಸಿನಲ್ಲೇ ಇದ್ದರೂ ಮನೆಯಲ್ಲಿ ಕನ್ನಡವನ್ನೇ ಆಡುವ ವೈಷ್ಣವರು ಅವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಗಂಡನ ಅಣ್ಣನ ಸಂಸಾರಕ್ಕೆ ಮೂರು ಹೊತ್ತೂ ಬೇಯಿಸಿ ಹಾಕಿಕೊಂಡಿದ್ದರು. ಆ ಅಣ್ಣನೇ ಕಟ್ಟಡದ ಯಜಮಾನರು.

ಇಂಥ ಮನೆಯ ತಾರಸಿಯ ಮೇಲೆ ಕೋಳಿ! ಮಾಮಿಯ ಗಂಡ ಗುಮಾಸ್ತರಾಗಿದ್ದರಂತೆ. ಅದೇನು ಹುಚ್ಚು ಹತ್ತಿತೋ, ಊರಂಚಿನ ಮಾಧವರಂನಿಂದ ಮರಿ ತಂದು ಸಾಕಿದ್ದರು. ಅವರು ಹೋದ ಮೇಲೆ ಮಾಮಿ ತಮ್ಮದು ಎಂದು ಹೇಳಿಕೊಳ್ಳಲು ಉಳಿದದ್ದು ಆ ಕೋಳಿಗಳು ಮಾತ್ರ. ಮೊಟ್ಟೆ ಮನೆಯೊಳಗೆ ಬರಕೂಡದು. ಮರಿ ಮಾಡಿಸಬೇಕು, ಇಲ್ಲವೇ ವಾಚ್‌ಮನ್‌ಗೆ ಕೊಡಬೇಕು. ಕೋಳಿ ಮುಟ್ಟಿದರೆ ತಲೆಗೆ ನೀರು ಹಾಕಿಕೊಳ್ಳದೆ ಅಡುಗೆಮನೆಗೆ ಕಾಲಿಡಕೂಡದು. ಎಲ್ಲ ಯಜಮಾನರ ಕಟ್ಟಳೆ. ಮಾಮಿ ಕಲಸಿದ ತವುಡು ಹಿಡಿದು ದಿನಕ್ಕೆ ಮೂರು ಸಲ ತಾರಸಿ ಹತ್ತುತ್ತಿದ್ದರು, ಮೂರು ಸಲ ಮೀಯುತ್ತಿದ್ದರು. ಅವರ ಕೂದಲು ಪೂರ್ತಿ ಒಣಗಿದ್ದನ್ನು ನಾನು ಕಂಡಿರಲಿಲ್ಲ.

ಆದರೆ ಎಂಥ ಚೆಲುವಿನ ಕೋಳಿಗಳು ಅವು! ಕೆಂಪು ಗರಿ, ಒಂದೊಂದು ಗರಿಗೂ ಸೀರೆಗೆ ಅಂಚು ನೇಯ್ದ ಹಾಗೆ ಸುತ್ತ ಒಂದು ಗೆರೆ. ಕೆಲವಕ್ಕೆ ಅಂಚು ಕಪ್ಪು, ಕೆಲವಕ್ಕೆ ಬೂದು ಬೆರೆತ ನೀಲಿ. ಒಂದು ಹುಂಜಕ್ಕೆ ಮಾತ್ರ ಮಾಸಿದ ಬಿಳಿ ಅಂಚು, ಅಲ್ಲಲ್ಲಿ ಶಾಯಿ ಸಿಡಿದಂಥ ಚುಕ್ಕೆ. ಅದನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ.

"ಎಲ್ಲಾ ಒಂದೇ ಜಾತಿನೇ ಕಣ್ಣಾ," ಎಂದು ಮಾಮಿ ವಿವರಿಸಿದ್ದರು. "ಕಪ್ಪು ಅಂಚು ಅಂದ್ರೆ ಬರೀ ಡಿಕಾಕ್ಷನ್. ಅಪ್ಪನೋ ಅಮ್ಮನೋ ಯಾರಾದ್ರೂ ಒಬ್ರು ಒಂದು ಸೌಟು ಹಾಲು ಹಾಕಿದ್ರೆ ನೀಲಿ. ಇಬ್ರೂ ಹಾಕಿದ್ರೆ ಈ ಮಾಸಲು. ಹಾಲು ಕಪ್ಪನ್ನ ಮಾತ್ರ ತೆಳು ಮಾಡುತ್ತೆ, ಕೆಂಪನ್ನ ಮುಟ್ಟೋದೇ ಇಲ್ಲ."

ಮಾಮಿಗೆ ಮರಿ ಕೊಡುತ್ತಿದ್ದ ಮಾಧವರಂನ ಹೆಂಗಸು ಅಲಂಕಾರದ ಕೋಳಿ ಸಾಕಿ ಮಾರುವವರು. ಜನ ಕೇಳುವುದು ನೀಲಿ ಅಂಚನ್ನೇ. ಹುಟ್ಟುವ ಮರಿಯೆಲ್ಲ ನೀಲಿಯೇ ಆಗುವಂಥ ಗುಂಪು ಮಾಡಿಕೊಟ್ಟರೆ ಕೋಳಿಗಳ ಜೊತೆ ಮಾಮಿಯೂ ಬಂದು ಶೆಡ್ಡಿನ ಪಕ್ಕದ ಕೋಣೆಯಲ್ಲಿ ಇರಬಹುದು ಎಂದು ಅವರು ಮಾತು ಕೊಟ್ಟಿದ್ದರು. ಪೊಂಗಲ್ ಕಳೆದ ಕೂಡಲೇ ತಾರಸಿಯ ಮೇಲೆ ಯಜಮಾನರು ಮನೆ ಕಟ್ಟಿಸುವವರಿದ್ದರು. ಅಷ್ಟರೊಳಗೆ ಆಗಬೇಕು.

"ಯಾರನ್ನೂ ಕೇಳದೆ ಒಂದು ಕಾಫಿ ಕಲಸಿ ಕುಡೀಬೇಕು ಕಣ್ಣಾ, ಅಷ್ಟೇ," ಎಂದು ಮಾಮಿ ನಕ್ಕಿದ್ದರು. ದಾರಿ ಕಂಡುಕೊಂಡಿದ್ದೇನೆ ಎಂದೂ ಹೇಳಿದ್ದರು. ಏನು ದಾರಿ ಎಂದು ನಾನು ಕೇಳಲಿಲ್ಲ. ನೀಲಿಗೆ ನೀಲಿ ಹುಟ್ಟುತ್ತದೆ, ಇದರಲ್ಲಿ ಕೇಳುವುದೇನಿದೆ ಅಂದುಕೊಂಡೆ. ಅಲ್ಪವಿದ್ಯಾ ಮಹಾಗರ್ವಿ ಅಂತ ಸುಮ್ಮನೆ ಹೇಳುತ್ತಾರೆಯೇ!

ದೀಪಾವಳಿಯ ಹೊತ್ತಿನ ಐಪ್ಪಸಿ ತಿಂಗಳ ಮಳೆ ಹಿಡಿಯಿತು. ಒದ್ದೆ ತಲೆಯಲ್ಲೇ ಓಡಾಡಿ ಮಾಮಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು, ಆಸ್ಪತ್ರೆ ಸೇರಿದರು. ಕೋಳಿಗಳು ನನ್ನ ಪಾಲಿಗೆ ಬಂದವು. ನಾಲ್ಕನೆಯ ದಿನ ಯಜಮಾನರು ಮೆಟ್ಟಿಲಲ್ಲಿ ತಡೆದರು. "ನೋಡಮ್ಮ, ಆರು ಇಟ್ಕೊಳ್ಳಿ. ಮಿಕ್ಕಿದ್ದು ಇವತ್ತೇ ಹೋಗ್ಲಿ. ಇಲ್ದಿದ್ರೆ ಮೊತ್ತಮಾ, ಅಷ್ಟೂ ಹೋಗುತ್ತೆ."

ಮಾಮಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನನಗೆ ಗೊತ್ತಲ್ಲ! ಒಂದು ನೀಲಿ ಹುಂಜ, ಐದು ನೀಲಿ ಹೇಂಟೆ, ಕಣ್ಣಿಗೆ ಹಬ್ಬವಾಗುವಂಥವು, ಆರಿಸಿ ಇಟ್ಟುಕೊಂಡೆ. ಕಪ್ಪಂಚಿನ ಎಳೆ ಹೇಂಟೆಗಳನ್ನೂ ಆ ಮಾಸಲು ಹುಂಜವನ್ನೂ ತರಕಾರಿ ಗಾಡಿಯವಳಿಗೆ ಕೊಟ್ಟು ಕೈ ತೊಳೆದುಕೊಂಡೆ. ಭಾರ ಇಳಿದಷ್ಟು ಖುಷಿಯೂ ಆಗಿತ್ತು, ಸುಳ್ಳೇಕೆ ಹೇಳಲಿ.

ಹತ್ತು ದಿನಕ್ಕೆ ಮಾಮಿ ಬಂದರು. ಗೋಡೆ ಹಿಡಿದುಕೊಂಡು ತಾರಸಿ ಹತ್ತಿದರು.

"ಚಂದದ್ದನ್ನೆಲ್ಲ ಉಳ್ಸಿದೆ ಕಾಣಿ ಮಾಮಿ," ಅಂದೆ.

ಮಾಮಿ ಗೂಡುಗಳನ್ನೆಲ್ಲ ಬಗ್ಗಿ ಬಗ್ಗಿ ನೋಡಿದರು. "ಮಾಸಲು ಎಲ್ಲಿ?" ಎಂದರು. ಹೇಳಿದೆ. ನೀರಿನ ತೊಟ್ಟಿಯ ಪಕ್ಕ ಕೂತರು.

"ನೀಲಿಗೂ ನೀಲಿಗೂ ಮೂರು ಬಣ್ಣವೂ ಹುಟ್ಟುತ್ತೆ ಕಣ್ಣಾ. ನೀಲಿ ಒಂದು ಮರಿಗೆ ಹಾಲು ಹಾಕುತ್ತೆ, ಇನ್ನೊಂದಕ್ಕೆ ಹಾಕಲ್ಲ. ಕಪ್ಪಿಗೂ ಮಾಸಲಿಗೂ ಸೇರಿಸಿದ್ರೆ ಮಾತ್ರ… ಅಮ್ಮಂದು ಬರೀ ಡಿಕಾಕ್ಷನ್, ಅಪ್ಪಂದು ಎಲ್ಲಾ ಮರಿಗೂ ತಪ್ಪದೆ ಒಂದು ಸೌಟು ಹಾಲು. ಅಷ್ಟೂ ನೀಲಿ." ಆ ಹೇಂಟೆಗಳು ಮೊಟ್ಟೆಗೆ ಬರಲೆಂದೇ ಅವರು ಕಾಯುತ್ತಿದ್ದರಂತೆ.

ನಾನು ಗಾಡಿಯವಳ ಮನೆಗೆ ಓಡಿದೆ. ನಡುವೆ ಭಾನುವಾರ ಕಳೆದಿತ್ತು, ಹಿತ್ತಲಲ್ಲಿ ಗರಿ ಮಾತ್ರ ಉಳಿದಿತ್ತು.

ಇದ್ದ ನೀಲಿಗಳ ಮೊಟ್ಟೆಯನ್ನೇ ಮಾಮಿ ಕಾವಿಗೆ ಇಟ್ಟರು. ಇನ್ನೊಂದು ಪೀಳಿಗೆ ಬೆಳೆಸಲು ಸಮಯವಿರಲಿಲ್ಲ. ಒಡೆದು ಬಂದವು ಕಪ್ಪು, ನೀಲಿ, ಮಾಸಲು, ಮೂರೂ. ಮಾಧವರಂನ ಹೆಂಗಸು ಬಂದು ನೋಡಿ, ಇಂಥವು ನಮ್ಮಲ್ಲೇ ಬೇಕಾದಷ್ಟಿವೆಯಲ್ಲ ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ಆದರೂ ಕನಿಕರಪಟ್ಟು ಕೋಳಿಗಳನ್ನು ಬುಟ್ಟಿಯಲ್ಲಿ ತುಂಬಿಸಿಕೊಂಡರು. ಬುಟ್ಟಿಗೆ ಹಗ್ಗ ಬಿಗಿದು ಕೊಟ್ಟವರು ಮಾಮಿಯೇ. ಕೋಣೆಯ ಮಾತನ್ನು ಯಾರೂ ಎತ್ತಲಿಲ್ಲ. ಆಟೋ ಹೊರಟಿತು. ಮಾಮಿ ಸ್ನಾನ ಮಾಡಿ ಒಲೆಯ ಮುಂದೆ ನಿಂತರು.

ನನ್ನನ್ನು ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಪಾವಂ, ನಿನಗೇನು ತಿಳಿಯುತ್ತೆ," ಅಂದರು, ಅಷ್ಟೇ. ಆಮೇಲೆ ನಾವು ಪೆರುಂಗುಡಿಗೆ ಬಂದೆವು. ನಾನು ತಮಿಳು ಕಲಿತೆ, ಬಸ್ಸು ಹತ್ತುವುದನ್ನು ಕಲಿತೆ. ಮಾಮಿಯನ್ನು ನೋಡಲು ಹೋಗುವುದನ್ನು ಮಾತ್ರ ಮುಂದೂಡುತ್ತಲೇ ಇದ್ದೆ…

ಹೋದ ವರ್ಷ ಮಾಮಿ ತೀರಿಕೊಂಡ ಸುದ್ದಿ ಬಂತು. ಹೋದೆ. ಯಜಮಾನರು ಬಾಗಿಲಲ್ಲೇ ಕೂತಿದ್ದರು. "ನಮ್ಮನೇಲಿ ಅವಳಿಗೆ ಒಂದು ಕುರೈ, ಒಂದು ಕೊರತೆ ಇರ್ಲಿಲ್ಲಮ್ಮ. ಕೊನೇವರೆಗೂ ಇಲ್ಲೇ ಇದ್ಲು," ಅಂದರು. ಪುರಸೈವಾಕ್ಕಂನಿಂದ ಆ ಕೋಣೆಯಿದ್ದ ಮಾಧವರಂಗೆ ಬಸ್ಸಿನಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ. ಹೌದು ಎಂದು ನಾನೂ ತಲೆಯಾಡಿಸಿದೆ.