ಕಾಲು ಮುರಿದ ಏಳು

ಪುಣೆಯಲ್ಲಿ ಹಳೆಯ ಕಾರು ಇಟ್ಟುಕೊಂಡ ಮಂದಿಗೆ ನನ್ನ ಬಾಯಿ ಎಂದರೆ ಹೆದರಿಕೆ. ಥಳಥಳ ಪಾಲಿಶ್ ಮಾಡಿಸಿ ತಂದ ಗಾಡಿಗೆ ಒಂದು ಸುತ್ತು ಹಾಕಿ, ಈ ದೀಪದ ಗಾಜು ಬೇರೆ ಗಾಡಿಯದು, ಈ ಬಾಗಿಲ ಹಿಡಿ ನಿನ್ನೆ ಮೊನ್ನೆ ಮಾಡಿಸಿದ್ದು ಎಂದು ಕಡ್ಡಿ ಮುರಿದಂತೆ ಹೇಳಿಬಿಡುತ್ತೇನೆ. ಪಾಪ, ಎಷ್ಟು ಆಸೆಯಿಂದ ತಂದಿರುತ್ತಾರೋ. ಏನು ಮಾಡುವುದು, ನನಗೆ ಕೆಲಸ ಕಲಿಸಿದ ಅಪ್ಪನೂ ಹೀಗೆಯೇ. ಧಾರವಾಡದ ಕಡೆಯಿಂದ ಬಂದು ಸದಾಶಿವ ಪೇಠೆಯ ಹಳೆಯ ವಾಡೆಮನೆಯೊಂದರ ಅಂಗಳದಲ್ಲಿ ಗ್ಯಾರೇಜು ಹಾಕಿದವರು. ಈಗ ಎಂಬತ್ತು ದಾಟಿದ್ದಾರೆ, ಊರಂಚಿನ ವಾಕಡದಲ್ಲಿ ನನ್ನ ಜೊತೆ ಇದ್ದಾರೆ. ಗ್ಯಾರೇಜು ನಾನು ನಡೆಸುತ್ತೇನೆ.

ಹೋದ ವರ್ಷ ಸಾಹುಕಾರರ ಕರಿ ಕಾರು ನಮ್ಮಲ್ಲಿಗೆ ಬಂತು. ಸಾಹುಕಾರರೆಂದರೆ ಬೆಳಗಾವಿ ಕಡೆಯಿಂದ ಪುಣೆಗೆ ಬಂದ ಜವಳಿ ವ್ಯಾಪಾರಿ, ಅಪ್ಪನ ಮೊದಲ ದೊಡ್ಡ ಗಿರಾಕಿ. ವಿಲಾಯಿತಿ ಗಾಡಿ ಅದು, ಒಳಗೆ ಕಟ್ಟಿಗೆಯ ಡ್ಯಾಶ್‌ಬೋರ್ಡು, ಚರ್ಮದ ಅಗಲವಾದ ಸೀಟು. ಸಾಹುಕಾರರು ತೀರಿಕೊಂಡ ಮೇಲೆ ಪುಣೆ ಹತ್ತಿರದ ಶಿರೂರಿನ ಗೋದಾಮಿನಲ್ಲಿ ಇಲಿಗಳ ಪಾಲಾಗಿತ್ತು. ಅದನ್ನು ಮೊದಲಿನಂತೆ ಮಾಡಿಸಿ ಹಳೆಯ ಕಾರುಗಳ ಪ್ರದರ್ಶನಕ್ಕೆ ಒಯ್ಯಬೇಕೆಂದು ಅವರ ಮಗನ ಆಸೆ. ಅಲ್ಲಿ ಯಾವ ಭಾಗ ಮೂಲದ್ದು, ಯಾವುದು ಆಮೇಲೆ ಹಾಕಿದ್ದು ಎಂಬ ಪಟ್ಟಿ ಕೊಡಬೇಕು. ಪಟ್ಟಿಯ ಕೆಳಗೆ, ಕೆಲಸ ಮಾಡಿದವರ ಸಹಿ ಬೇಕು.

“ಎಂಜಿನ್ ನೋಡೂದ ಬ್ಯಾಡ್ರಿ ಅಕ್ಕಾರ. ಕಾಕಾ ಕೈ ಹಚ್ಚಿದ ಗಾಡಿ ಅದ,” ಎಂದರು ಮಗ. ನನ್ನ ಅಪ್ಪನಿಗೆ ಅವರು ಕಾಕಾ ಎನ್ನುತ್ತಾರೆ.

“ನೋಡಲಾರದ ಸಹಿ ಮಾಡೋ ಚಟ ನನಗಿಲ್ರಿ,” ಎಂದೆ.

ಆರು ತಿಂಗಳು ಬಿಚ್ಚಿದೆ, ತೊಳೆದೆ, ಜೋಡಿಸಿದೆ. ಕಿಟಕಿಯ ಹಿಡಿಕೆಗಳು ಮೂಲದವು, ಗಡಿಯಾರ ಮೂಲದ್ದು, ಹಿಂದಿನ ದೀಪ ಎಲ್ಲಿಂದಲೋ ತಂದದ್ದು. ಕೊನೆಗೆ ಎಂಜಿನ್ನಿನ ಮೇಲಿನ ಹಳೆಯ ಬಣ್ಣವನ್ನು ಥಿನ್ನರಿನಿಂದ ಒರೆಸಿದಾಗ ನಂಬರು ಕಂಡಿತು. ನೋಂದಣಿ ಪುಸ್ತಕದಲ್ಲಿದ್ದ ನಂಬರೇ. ಆದರೆ ಅದರಲ್ಲಿದ್ದ ಎರಡೂ ಏಳರ ಅಂಕಿಗಳ ಕಾಲಿನ ತುದಿ ಮುರಿದಿತ್ತು.

ಆ ಏಳು ನನಗೆ ಗೊತ್ತು. ಖಂಡೇ ನವಮಿಗೆ ನಾವು ಗ್ಯಾರೇಜಿನ ಪಾನಾ, ಸುತ್ತಿಗೆ ಎಲ್ಲ ತೊಳೆದು, ಚೆಂಡು ಹೂ ಏರಿಸಿ ಪೂಜೆ ಮಾಡುತ್ತೇವೆ. ಕಬ್ಬಿಣದ ಮೇಲೆ ನಂಬರು ಹೊಡೆಯುವ ಪಂಚುಗಳ ಡಬ್ಬಿ ತೊಳೆಯುವುದು ಚಿಕ್ಕಂದಿನಿಂದ ನನ್ನ ಪಾಲಿನ ಕೆಲಸ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಪಂಚು. ಏಳು ಕುಂಟ ಎಂದು ಅದಕ್ಕೆ ಮಾತ್ರ ಎರಡು ಹೂ ಇಡುತ್ತಿದ್ದೆ.

ಟಾರ್ಚು ಹಿಡಿದು ಎಂಜಿನ್ನಿನ ಕೆಳಗೆ ನೋಡಿದೆ. ಎರಕ ಹೊಯ್ಯುವಾಗಲೇ ಮೂಡಿಸಿದ ವರ್ಷದ ಗುರುತು ಅಲ್ಲಿರುತ್ತದೆ. ಎಂಜಿನ್ನು ಕಾರಿಗಿಂತ ಎರಡು ವರ್ಷ ಚಿಕ್ಕದು. ಬೇರೆ ಗಾಡಿಯ ಎಂಜಿನ್ ತಂದು ಹಾಕಿ, ಅದರ ನಂಬರು ಉಜ್ಜಿ ತೆಗೆದು, ಈ ಕಾರಿನ ನಂಬರು ಹೊಡೆದಿದ್ದರು. ಹೊಡೆದ ಕೈ ಯಾರದೆಂದು ಇನ್ನೊಬ್ಬರನ್ನು ಕೇಳಬೇಕಾಗಿರಲಿಲ್ಲ.

ಮನೆಗೆ ಬಂದು ಅಪ್ಪನನ್ನೇ ಕೇಳಿದೆ. ಅವರು ಚಹಾದ ಬಸಿ ಕೆಳಗಿಟ್ಟರು.

“ನಾನಽ ಹೊಡದೇನವಾ. ಗಾಡಿ ಪರೀಕ್ಷಾ ಮಾಡ್ಲಿಕ್ಕೆ ಶಿರೂರ ಹಾದಿಗೆ ಒಯ್ದಿದ್ದೆ. ನೀರು ಬತ್ತಿ ಎಂಜಿನ್ ಕಾದು ಕೆಂಡ ಆಗಿತ್ತು. ಆರೂತನಕಾ ತಡೀಲಿಲ್ಲ, ತಣ್ಣೀರು ಸುರದೆ. ಸೀಳಿಬಿಡ್ತು. ಸಾವಕಾರ್ರು ಕಾಶಿಗೆ ಹೋಗಿದ್ರು. ಅವರು ಬರೂದ್ರಾಗ ಗುಜರಿ ಎಂಜಿನ್ ಹಚ್ಚಿದೆ.”

“ಅವರಿಗೆ ಹೇಳಬಾರದಿತ್ತೇನು?”

“ನಾಳೆ ಹೇಳಿದ್ರಾತು ಅಂದೆ. ಹಂಗ ಅನಕೋತ ಅವರಽ ಹೋಗಿಬಿಟ್ರು.” ನನ್ನ ಕಡೆ ತಿರುಗಿ ಹೇಳಿದರು: “ನೀ ಕಂಡದ್ದು ಬರಿ. ಸಾವಕಾರ್ರ ಮಗನ್ನ ಕರಕೊಂಡು ಬಾ, ಅವನ ಮುಂದ ನಾನಽ ಹೇಳತೀನಿ.”

ನನಗೆ ಸಿಟ್ಟು ನೆತ್ತಿಗೇರಿತು. ಒಂದು ವಾಷರು ತಪ್ಪಿದರೆ ನನ್ನಿಂದ ಇಡೀ ಚಕ್ರ ಬಿಚ್ಚಿಸುತ್ತಿದ್ದ ಮನುಷ್ಯ. ಮರುಕ್ಷಣ ಅವರ ಮೇಲೆ ಮರುಕವೂ ಬಂತು. ಪುಣೆಯ ಹಳೆಯ ಗಿರಾಕಿಗಳೆಲ್ಲ ಈ ವಯಸ್ಸಿನಲ್ಲಿ ಅವರಿಗೆ ಮೋಸಗಾರ ಅನ್ನಬೇಕೇ? ನಿಜ ಹೇಳುತ್ತೇನೆ, ನನ್ನ ಗ್ಯಾರೇಜಿನ ಹೆಸರಿನ ಚಿಂತೆಯೂ ಇತ್ತು. ಪಟ್ಟಿಯಲ್ಲಿ “ಎಂಜಿನ್: ಮೂಲದ್ದು” ಎಂದು ಬರೆದು ಸಹಿ ಹಾಕಿದೆ. ಊರವರ ದೀಪದ ಗಾಜನ್ನೂ ಬಿಡದವಳು ನಾನು.

“ಬರದೀಯೇನು?” ಎಂದು ಅಪ್ಪ ಕೇಳಿದರು.

“ಬರದೆ,” ಎಂದೆ. ಏನು ಬರೆದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಸಾಹುಕಾರರ ಮಗನನ್ನು ಕರೆತರುವ ಮಾತನ್ನು ಅಪ್ಪ ಎತ್ತಿದಾಗಲೆಲ್ಲ, ಪ್ರದರ್ಶನ ಮುಗಿಯಲಿ ಎಂದು ಮುಂದೂಡಿದೆ.

ಕಾರಿಗೆ ಬಹುಮಾನ ಬಂತು. ಮರುದಿನ ಬೆಳಿಗ್ಗೆ ಸಾಹುಕಾರರ ಮಗ ಹೇಳದೆ ಕೇಳದೆ ಮನೆಗೇ ಬಂದರು. ಕೈಯಲ್ಲಿ ಹಾರ, ಶಾಲು, ಪೇಢೆಯ ಡಬ್ಬಿ. ಅವರನ್ನು ಕಂಡದ್ದೇ ಅಪ್ಪ ಗೋಡೆ ಹಿಡಿದು ಎದ್ದು ನಿಂತರು. ಬಹಳ ದಿನದಿಂದ ಕಾದವರ ಹಾಗಿತ್ತು ಅವರ ಮುಖ.

“ತಮ್ಮಾ, ಆ ಎಂಜಿನ್...” ಎಂದು ಶುರು ಮಾಡಿದರು.

“ಗೊತ್ತದ ಕಾಕಾ. ಅಕ್ಕಾರು ಮೂಲದ್ದು ಅಂತ ಸಹಿ ಮಾಡಿ ಕೊಟ್ರಲಾ. ಅವರ ಸಹಿ ಅಂದ್ರ ಮುಂದ ಪ್ರಶ್ನಾನಽ ಇಲ್ಲ ಅಂದ್ರು ಪ್ರದರ್ಶನದವರು.”

ಅಪ್ಪ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಶುರು ಮಾಡಿದ ಮಾತನ್ನು ಅವರು ಅಲ್ಲಿಗೇ ಬಿಟ್ಟರು. ತಲೆ ಬಗ್ಗಿಸಿ ಹಾರ ಹಾಕಿಸಿಕೊಂಡರು, ಶಾಲು ಹೊದಿಸಿಕೊಂಡರು. ಪೇಢೆಯನ್ನೂ ತಿಂದರು.

ಮಗ ಹೋದ ಮೇಲೆ ಬಾಗಿಲು ಹಾಕಿ ಬಂದೆ. ಬೈಯಲಿ, ನಾಲ್ಕು ಮಾತು ಅಂದುಬಿಡಲಿ ಎಂದು ಎದುರಿಗೆ ನಿಂತೆ. ಅವರು ಬೈಯಲಿಲ್ಲ.

“ಇಷ್ಟು ದಿನ ಆ ಸುಳ್ಳು ನಂದೊಬ್ಬಂದಾಗಿತ್ತವಾ,” ಎಂದರು. “ಯಾವಾಗ ಬೇಕಾದರೂ ಹೇಳಬಹುದಿತ್ತು.”