ರಾಗಿಕಾಳಿನೊಳಗಿನ ಮಳವಳ್ಳಿ

ಕಟ್ಟುಕಥೆ ಹೇಳಿ ಹೆದರಿಸುವ ಚಾಳಿ ನನಗಿಲ್ಲ. ದೆವ್ವ ಭೂತ ಅಂದವರ ಬಾಯಿ ಮುಚ್ಚಿಸುತ್ತಿದ್ದ ಮೇಷ್ಟ್ರಮ್ಮ ನಾನು. ಆದರೂ ಇದು ನಡೆದದ್ದು, ನನ್ನ ಕಿವಿಯಾರೆ ಕೇಳಿದ್ದು. ನಗುವವರು ಒಂದು ರಾತ್ರಿ ಒಬ್ಬರೇ ಬೀಸುವ ಕಲ್ಲಿನ ಮುಂದೆ ಕೂತು, ಆಮೇಲೆ ನಗಲಿ.

ಯುದ್ಧ ಮುಗಿದ ವರ್ಷ. ಮಳವಳ್ಳಿಯ ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಬಂದಿದ್ದೆ. ತಂದೆ ತಾಯಿ ಇಲ್ಲ, ಮದುವೆಯಿಲ್ಲ, ಒಂದು ಕಾಗದ ಬರೆಯುವವರೂ ಇಲ್ಲ. ಊರಾಚೆ, ಕೆರೆಯ ಹತ್ತಿರ, ಕೆಂಪಮ್ಮ ಎಂಬ ವಿಧವೆಯ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಅವಳಿಗೂ ಯಾರಿಲ್ಲ. ಇದ್ದೊಬ್ಬ ಮಗಳು ಪುಟ್ಟಿ ಚೊಚ್ಚಲ ಹೆರಿಗೆಯಲ್ಲಿ ಹೋಗಿಬಿಟ್ಟಿದ್ದಳು. ಸಂಜೆಯಾದರೆ ನಾವಿಬ್ಬರೇ, ಒಂದು ಬುಡ್ಡಿ ದೀಪ.

ಮದ್ದೂರಿನಿಂದ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಬರುವ ಪತ್ರಿಕೆಯ ತುಂಬ ಅಣುಬಾಂಬಿನ ಸುದ್ದಿ. ಅಣು ಅಂದರೇನು ಎಂದು ಕೆಂಪಮ್ಮ ಕೇಳಿದಳು. ಮಾತಿಗೆ ಜನ ಸಿಕ್ಕರೆ ನನ್ನ ನಾಲಿಗೆಗೆ ಲಂಗುಲಗಾಮಿಲ್ಲ. ಒಂದು ರಾಗಿಕಾಳು ಅಂಗೈ ಮೇಲಿಟ್ಟುಕೊಂಡು ಶುರು ಮಾಡಿದೆ.

"ಇದರೊಳಗೆ ಲೆಕ್ಕವಿಲ್ಲದಷ್ಟು ಅಣುಗಳಿವೆ ಕೆಂಪಮ್ಮ. ಪ್ರತಿಯೊಂದರ ನಡುವೆ ಸೂರ್ಯನ ಹಾಗೆ ಒಂದು, ಸುತ್ತ ತಿರುಗುವವು ಕೆಲವು. ಯಾರಿಗೆ ಗೊತ್ತು, ಅದರಲ್ಲೂ ಒಂದು ಪ್ರಪಂಚ ಇದ್ದೀತು, ಒಂದು ಮಳವಳ್ಳಿ ಇದ್ದೀತು, ನಿನ್ನಂಥ ಕೆಂಪಮ್ಮ ಇದ್ದಾಳು."

"ಆ ಕೆಂಪಮ್ಮನ್ ಮಗ್ಳು ಬದುಕವ್ಳಾ?"

"ಬದುಕಿದ್ದರೂ ಬದುಕಿರಬಹುದು" ಅಂದುಬಿಟ್ಟೆ.

ಮರುದಿನ ಬೆಳಗಿನ ಜಾವ, ದಿನಾ ಕೇಳುತ್ತಿದ್ದ ಕೆಂಪಮ್ಮನ ರಾಗಿ ಬೀಸುವ ಸದ್ದಿಲ್ಲ. ಅದರ ಮರುದಿನವೂ ಇಲ್ಲ. ಅವಳ ಒಲೆ ತಣ್ಣಗಿತ್ತು. ಯಾಕೆ ಎಂದು ಕೇಳಲು ಹೋದರೆ ರಾಗಿಯ ಮಡಕೆ ತಬ್ಬಿಕೊಂಡು ಕೂತಿದ್ದಳು.

"ಎಂಗ್ ಬೀಸ್ಲಿ ಯೋಳಿ? ಒಳ್ಗೆ ನಮ್ ಪುಟ್ಟಿ ಅವ್ಳೆ. ಪಾಪದ್ ಮುಂಡೇದು, ಒಂದ್ಸಲ ಸತ್ತಿದ್ದು ಸಾಕು."

ಅನ್ನ ಕೊಟ್ಟೆ. "ಅಕ್ಕೀಲಿಲ್ವಾ ಅಣು?" ಎಂದಳು. ನೀರಲ್ಲೂ ಇದೆ ಎನ್ನುವ ಧೈರ್ಯ ನನಗೆ ಬರಲಿಲ್ಲ, ಅದೊಂದನ್ನೇ ಕುಡಿಯುತ್ತಿದ್ದಳು. ನಾನು ಹೇಳಿದ್ದೆಲ್ಲ ಬೊಗಳೆ ಎಂದು ಆಣೆ ಇಟ್ಟರೂ ನಂಬಲಿಲ್ಲ. ಕೊನೆಗೆ ಎದ್ದು ಕೂರಲೂ ಆಗದಾದಳು. ಹೀಗೇ ಬಿಟ್ಟರೆ ಸಾಯುತ್ತಾಳೆ... ಈ ಊರಿನಲ್ಲಿ ನನ್ನ ಜೊತೆ ಮಾತಾಡುವ ಜೀವ ಅದೊಂದೇ. ನನಗೆ ಅಳು ಬಂತು.

ಆ ರಾತ್ರಿ ನಾನೇ ಕಲ್ಲಿನ ಮುಂದೆ ಕೂತೆ. ಬೀಸಿದರೆ ಏನೂ ಆಗುವುದಿಲ್ಲ ಎಂದು ತೋರಿಸಿ, ಅಂಬಲಿ ಕಾಯಿಸಿ ಕುಡಿಸಬೇಕು ಅಂತ. ಹಿಡಿ ರಾಗಿ ಹಾಕಿ, ಗೂಟ ಹಿಡಿದು ತಿರುಗಿಸಿದೆ.

ಗರ್... ಗರ್...

ಮೂಲೆಯಿಂದ ಕೆಂಪಮ್ಮನ ಪಿಸುಮಾತು. "ನಿದಾನ ಕಣ್ರವ್ವಾ... ಮಗ ಎದ್ರಿಕೊತದೆ."

ಕೈ ಸೋತು ನಿಲ್ಲಿಸಿದೆ. ಸದ್ದು ನಿಲ್ಲಲಿಲ್ಲ.

ಗೂಟದಿಂದ ಕೈ ತೆಗೆದೆ. ಕಲ್ಲು ಅಲ್ಲಾಡದೆ ಕೂತಿತ್ತು. ಸದ್ದು ಅದರದ್ದಲ್ಲ... ಮೇಲಿನದು. ಹೆಂಚಿನ ಮೇಲಲ್ಲ, ಅದಕ್ಕಿಂತ ಎಷ್ಟೋ ಮೇಲೆ. ಆಕಾಶದ ತುಂಬ ಯಾರೋ ಬೀಸುತ್ತಿದ್ದರು. ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಅಡರಿತು. ನಾನು ಬೀಸಿದ್ದು ಒಂದೇ ಹಿಡಿ. ತೊಲೆಯಿಂದ ಮಣ್ಣು ಉದುರಿತು. ಕೆರೆಯ ಕಪ್ಪೆಗಳು ಒಮ್ಮೆಲೇ ಸುಮ್ಮನಾದವು. ಸದ್ದು ಹತ್ತಿರ ಬರುತ್ತಿತ್ತು... ಅದರ ಜೊತೆ ಒಂದು ಹೆಣ್ಣುದನಿ, ಬೀಸುವಾಗ ಹಾಡಿಕೊಳ್ಳುತ್ತಾರಲ್ಲ, ಹಾಗೆ.

ಏಳಲಾಗದ ಕೆಂಪಮ್ಮ ಗೋಡೆ ಹಿಡಿದು ಎದ್ದು ನಿಂತಿದ್ದಳು. ಅವಳ ಮುಖದಲ್ಲಿ ಭಯವಿರಲಿಲ್ಲ.

"ಒಳ್ಗಲ್ಲ ಕಣ್ರವ್ವಾ ಅವ್ಳಿರೋದು... ಕಾಳೊಳ್ಗಿರೋರು ನಾವು" ಎಂದವಳು, ಸೂರಿನ ಕಡೆ ಮುಖ ಎತ್ತಿ ಕೂಗಿದಳು. "ಪುಟ್ಟೀ... ನಿದಾನ ಕಣ್ ಮಗಾ! ಇಲ್ಲಿ ನಾನಿವ್ನಿ!"

ಸದ್ದು ನಿಂತಿತು.

ಆ ರಾತ್ರಿ ಕೆಂಪಮ್ಮ ಹೊಟ್ಟೆ ತುಂಬ ಅಂಬಲಿ ಕುಡಿದಳು. ಚೇತರಿಸಿಕೊಂಡ ಮೇಲೆ ಮೊದಲಿನಂತೆ ಬೀಸತೊಡಗಿದಳು. ನಡುನಡುವೆ ಮಾತ್ರ ಕೈ ನಿಲ್ಲಿಸಿ ಕಲ್ಲಿಗೆ ಕಿವಿಗೊಡುತ್ತಿದ್ದಳು, ಒಳಗಿಂದ ಯಾರಾದರೂ ಕೂಗುತ್ತಾರೇನೋ ಎಂದು.

ಗುಡುಗು ಅನ್ನೋಣವೆಂದರೆ ಅವತ್ತು ಮೋಡವೇ ಇರಲಿಲ್ಲ. ಏನದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಮಂಡ್ಯಕ್ಕೆ ವರ್ಗವಾಯಿತು. ಊರಂಚಿನ ಗುತ್ತಲಿನ ಈ ಮನೆಯಲ್ಲೂ ನಾನೊಬ್ಬಳೇ. ಕೆಲವು ರಾತ್ರಿ ಅದೇ ಸದ್ದು ದೂರದಲ್ಲಿ ಶುರುವಾಗುತ್ತದೆ... ಹತ್ತಿರ ಬರುತ್ತದೆ. ಕೆಂಪಮ್ಮ ಕೂಗಿದಳು, ಮಗಳು ಕೈ ನಿಲ್ಲಿಸಿದಳು. ನಾನು ಯಾರ ಹೆಸರು ಹಿಡಿದು ಕೂಗಲಿ?