ಚೀಫ್ ಜಸ್ಟಿಸರ ಅಣ್ಣ

ನ್ಯಾಯದ ಮುಂದೆ ಎಲ್ಲರೂ ಸಮಾನರು. ಬೂಷ್ಟು ಮಾತ್ರ ಹಾಗಲ್ಲ. ಮೂಡಿಗೆರೆಯಲ್ಲಿ ಅದು ವಕೀಲರ ಕರಿಕೋಟನ್ನೇ ಹುಡುಕಿಕೊಂಡು ಬರುತ್ತದೆ. ಇವತ್ತು ಬೆಳಿಗ್ಗೆ ನನ್ನದನ್ನು ಬಿಸಿಲಿಗೆ ಹರವಿದಾಗ ಬಂದ ಮುಗ್ಗಲು ವಾಸನೆಗೆ ಸೂರಿ ನೆನಪಾದ.

ನಾವಿಬ್ಬರೂ ಒಬ್ಬರೇ ಹಿರಿಯ ವಕೀಲರ ಬಳಿ ಜೂನಿಯರುಗಳಾಗಿದ್ದೆವು. ಅಂದರೆ ವಾಯಿದೆ ಕೇಳುವುದರಲ್ಲಿ ಪರಿಣತರು. ನಾನು ಆ ಪಾಂಡಿತ್ಯದಲ್ಲೇ ನಿಂತೆ. ಸೂರಿ ಬೆಂಗಳೂರಿಗೆ ಹೋಗಿ ಸರ್ಕಾರಿ ವಕೀಲನಾದ, ಹೈಕೋರ್ಟ್ ಜಡ್ಜ್ ಆದ, ಕೊನೆಗೆ ಪರರಾಜ್ಯದಲ್ಲಿ ಚೀಫ್ ಜಸ್ಟಿಸ್ ಆದ. ಅವನನ್ನು ಓದಿಸಿದ್ದು ಕಳಸದ ಅಣ್ಣ ಪದ್ಮಣ್ಣ. ಮದುವೆಯಾಗದೆ ತೋಟ ನೋಡಿಕೊಂಡಿದ್ದವರು.

ತಮ್ಮ ಜಡ್ಜ್ ಆದ ಹೊತ್ತಿಗೆ ಪದ್ಮಣ್ಣನವರ ಅಪೀಲೊಂದು ಅದೇ ಹೈಕೋರ್ಟಿನಲ್ಲಿತ್ತು. ತೋಟದಂಚಿನ ಕೆರೆ ಯಾರದೆಂದು ಪಕ್ಕದವರೊಡನೆ ತಕರಾರು; ಕೆಳಗಿನ ಕೋರ್ಟಿನಲ್ಲಿ ಸೋತಿದ್ದರು. ಕಾಫಿ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಗಿಡಗಳಿಗೆ ಅದೇ ನೀರು. ಸೂರಿ ವ್ರತ ಹಿಡಿದ: ಕೇಸು ಮುಗಿಯುವವರೆಗೆ ಅಣ್ಣನ ಮನೆಗೆ ಹೋಗುವುದಿಲ್ಲ, ಫೋನೂ ಇಲ್ಲ. ಅದು ಬೇರೆ ಬೆಂಚಿನ ಕೇಸು, ಕಾನೂನು ಇಷ್ಟೆಲ್ಲ ಕೇಳುವುದಿಲ್ಲ ಎಂದು ಹೇಳಿ ನೋಡಿದೆ. ಜನ ನಾಳೆ ಏನಾದರೂ ಅಂದರೆ, ಎಂದ. ಹೈಕೋರ್ಟಿನಲ್ಲಿ ಕೇಸು ಎಷ್ಟು ಬೇಗ ಮುಗಿಯುತ್ತದೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪದ್ಮಣ್ಣ ಮೊದಮೊದಲು ನಗುತ್ತಿದ್ದರು. "ಇನ್ನು ತಮ್ಮನ ಹತ್ರ ಮಾತಾಡ್ಬೇಕಾದ್ರೆ ನಿನ್ನ ಕೈಲಿ ವಕಾಲತ್ತು ಹಾಕಿಸ್ಬೇಕೇನೋ ಮಾರಾಯ." ಸೂರಿ ಬೇರೆ ರಾಜ್ಯಕ್ಕೆ ಹೋದ ಮೇಲಾದರೂ ವ್ರತ ಮುರಿದಾನೆಂದು ಕಾದರು. ಅವನ ಪ್ರಮಾಣವಚನವನ್ನು ನಮ್ಮನೆ ಟೀವಿಯಲ್ಲಿ ನೋಡಿ, ಸೊರಗಿದ್ದಾನೆ ಎಂದಷ್ಟೇ ಅಂದರು. ಫೋನು ಅಲ್ಲಿಂದಲೂ ಬರಲಿಲ್ಲ. ಆಮೇಲೊಂದು ದಿನ ನನ್ನ ಆಫೀಸಿಗೆ ಬಂದು ಕೂತರು.

"ಕೇಸ್ ಬಿಟ್ರೆ ನೀರು ಹೋಗ್ತದೆ, ಇಟ್ಕೊಂಡ್ರೆ ತಮ್ಮ ಬರೂದಿಲ್ಲ. ನಿಮ್ ಕಾನೂನಲ್ಲಿ ಇದಕ್ಕೆ ಏನಾರು ಉಂಟಾ?"

ಇರಲಿಲ್ಲ. ಆ ವರ್ಷ ಕಾಫಿ ಹಣ್ಣುಕುಯ್ಲಿನ ನಡುವೆ ತೀರಿಕೊಂಡರು.

ಸೂರಿ ಬಂದ. ಹಿಂದೆ ಪೊಲೀಸ್ ಜೀಪುಗಳು. ಅಣ್ಣನ ಚಿತೆಗೆ ಕೊಳ್ಳಿಯಿಟ್ಟು, ಜಗಲಿಯ ಮೂಲೆಯಲ್ಲಿ ಕೂತ. ವಾರಸುದಾರ ಅವನೊಬ್ಬನೇ; ಅಪೀಲು ಉಳಿಯಬೇಕಾದರೆ ಪದ್ಮಣ್ಣನವರ ಜಾಗದಲ್ಲಿ ಅವನ ಹೆಸರು ಸೇರಿಸಬೇಕು. ಅರ್ಜಿ ಹಾಕಲೇ ಎಂದೆ.

"ಬೇಡ ಕಣೋ. ಆ ಕೆರೆಗೆ ಈಗ ನಾನೇ ನಿಂತ್ರೆ, ಇಷ್ಟು ವರ್ಷ ಅಣ್ಣನ ಹತ್ರ ಮಾತು ಬಿಟ್ಟಿದ್ದು ಯಾತಕ್ಕೆ?"

ಮಾತು ಬಿಡದೆಯೂ ನಡೆಯುತ್ತಿತ್ತು ಎನ್ನಬಹುದಿತ್ತು.

ಬೆಂಗಳೂರಿನ ವಕೀಲರು ಅಪೀಲಿನ ಆದೇಶದ ಸುದ್ದಿಯನ್ನು ಇವತ್ತು ಮಧ್ಯಾಹ್ನ ತಿಳಿಸಿದರು. ಕಾಯಿರಿ ಎಂದು ಕಕ್ಷಿದಾರರಿಗೆ ಇಷ್ಟು ವರ್ಷ ಸಲೀಸಾಗಿ ಹೇಳಿಕೊಂಡು ಬಂದವನು ನಾನು. ಸಂಜೆ ಕಕ್ಷಿದಾರರೊಬ್ಬರು ಬಂದು ಕೂತಾಗ ಆ ಮಾತು ಬಾಯಿಗೆ ಬರಲಿಲ್ಲ. ವಾರಸುದಾರರು ಯಾರೂ ಮುಂದೆ ಬಾರದ ಕಾರಣ ಅಪೀಲು ರದ್ದಾಗಿದೆ. ಕೆರೆ ಪಕ್ಕದವರದು.